ಬೆಣ್ಣೆಯಲ್ಲಿ ಬೆರೆತದ್ದೇನು?

ದಾವಣಗೆರೆಯ ಹೆಸರೆತ್ತಿದೊಡನೆ ಹೊರಗಿನವರಿಗೆ ನೆನಪಾಗುವುದು ಬೆಣ್ಣೆ ದೋಸೆ. ಆ ಊರಿನಲ್ಲಾಗಲಿ ನೆರೆಯ ಹರಿಹರದಲ್ಲಾಗಲಿ ಬೆಣ್ಣೆ ಕೊಳ್ಳುವವರು ಚಿಟಿಕೆಯಷ್ಟನ್ನು ಬೆರಳಲ್ಲಿ ತಿಕ್ಕಿ ಮೂಸಿ, ಆಮೇಲೆ ಬೆಲೆ ಕೇಳುತ್ತಾರೆ. ಮೂಗು ಒಳ್ಳೆಯ ಉಪಕರಣವೇ ಸರಿ. ಆದರೆ ಸ್ವಲ್ಪ ಬೆಣ್ಣೆಯ ಪರಿಮಳವು ಬಹಳಷ್ಟು ಪರಕೀಯ ಜಿಡ್ಡನ್ನು ಮರೆಮಾಚಬಲ್ಲದು. ಇತ್ತ ಅನುಮಾನವೇ ತಪ್ಪಾದರೆ ನ್ಯಾಯವಾಗಿ ಮಾರುವವಳ ವ್ಯಾಪಾರ ಕೆಡುತ್ತದೆ.

ಮನೆಯಲ್ಲಿ ಮಾಡಬಹುದಾದುದು ಇಷ್ಟು. ಕಿರಿದಾದ ಗಾಜಿನ ಲೋಟದಲ್ಲಿ ಬೆಣ್ಣೆಯಿಟ್ಟು, ಲೋಟವನ್ನು ಬಿಸಿನೀರಿನಲ್ಲಿ ನಿಲ್ಲಿಸಿರಿ. ಜಿಡ್ಡು ಮೇಲೆ ತೇಲುವುದು; ನೀರೂ ಮಜ್ಜಿಗೆಯ ಅಂಶವೂ ಕೆಳಗಿಳಿಯುವುವು. ನೀರಿಗೆ ಎಷ್ಟು ಹಣ ತೆತ್ತಿರೆಂಬುದು ಕಣ್ಣಿಗೇ ಕಾಣುತ್ತದೆ. ತಳದ ನೀರಿಗೆ ಅಯೋಡಿನ್ ತೊಟ್ಟಿಕ್ಕಿದಾಗ ನೀಲಿ ಬಣ್ಣ ಮೂಡಿದರೆ ಹಿಟ್ಟೋ ಆಲೂಗಡ್ಡೆಯೋ ಸೇರಿದೆಯೆಂದು ತಿಳಿಯಬಹುದು.

ವನಸ್ಪತಿಯ ಪತ್ತೆ ಇಷ್ಟು ಸುಲಭವಲ್ಲ. ನಿಕ್ಕಲ್ ಪುಡಿಯ ಸಾನ್ನಿಧ್ಯದಲ್ಲಿ ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡಿದ ಈ ಜಿಡ್ಡು ತುಪ್ಪದಂತೆಯೇ ತೋರುತ್ತದೆ. ಅದಕ್ಕೆ ನಮ್ಮ ದೇಶದವರು ಹೂಡಿದ ಉಪಾಯ ಸ್ವಾರಸ್ಯವಾದುದು. ವನಸ್ಪತಿಯಲ್ಲಿ ನೂರಕ್ಕೆ 5 ಭಾಗಕ್ಕೆ ಕಡಿಮೆಯಿಲ್ಲದಂತೆ ಎಳ್ಳೆಣ್ಣೆ ಇರಬೇಕೆಂದು 1955ರ ಆಹಾರ ಕಲಬೆರಕೆ ನಿವಾರಣಾ ನಿಯಮಗಳು ವಿಧಿಸಿದವು. ಕಳ್ಳನ ಕಾಲಿಗೆ ಮೊದಲೇ ಗೆಜ್ಜೆ ಕಟ್ಟಿದಂತೆ! ಕರಗಿಸಿ ಸೋಸಿದ ಜಿಡ್ಡಿಗೆ ಪ್ರಬಲ ಹೈಡ್ರೊಕ್ಲೋರಿಕ್ ಆಮ್ಲವನ್ನೂ ಕೆಲವು ತೊಟ್ಟು ಫರ್ಫ್ಯುರಾಲ್ ದ್ರಾವಣವನ್ನೂ ಹಾಕಿ ಕುಲುಕಿದರೆ, ಎಳ್ಳೆಣ್ಣೆಯಿಂದ ಬರುವ ಸೆಸಮಾಲ್ ಫರ್ಫ್ಯುರಾಲಿನೊಡನೆ ಕೂಡಿ ಆಮ್ಲದ ಪದರವನ್ನು ಕೆಂಪಾಗಿಸುತ್ತದೆ. ಇದೇ ಬೋದ್ವಾಂ ಪರೀಕ್ಷೆ. ಈ ಆಮ್ಲವು ಚರ್ಮವನ್ನೂ ಕಣ್ಣನ್ನೂ ಸುಡುವುದು. ಅದರ ಕೆಲಸ ಪ್ರಯೋಗಶಾಲೆಯಲ್ಲಿರಲಿ, ಅಡಿಗೆಮನೆಯಲ್ಲಿ ಬೇಡ.

ಕೆಂಪು ಕಂಡೊಡನೆ ತೀರ್ಪು ಕೊಡುವಂತೆಯೂ ಇಲ್ಲ. ಕೆಲವು ಕೃತಕ ಬಣ್ಣಗಳು ಬರಿಯ ಆಮ್ಲದಲ್ಲಿಯೇ ಕೆಂಪಾಗುತ್ತವೆ. ಆದ್ದರಿಂದ ಫರ್ಫ್ಯುರಾಲ್ ಇಲ್ಲದೆಯೂ ಒಮ್ಮೆ ನೋಡತಕ್ಕದ್ದು. ಎಳ್ಳೆಣ್ಣೆ ತುಂಬಿದ್ದ ಪಾತ್ರೆಯೂ ಮೋಸಗೊಳಿಸಬಲ್ಲದು. ಅದಕ್ಕಿಂತ ದೊಡ್ಡ ತೊಡಕು ಕೆಂಪು ಕಾಣದಿದ್ದಾಗಿನದು. ಇಂಡೊನೇಷ್ಯ, ಮಲೇಷ್ಯಗಳಿಂದ ಅಪಾರ ಪ್ರಮಾಣದಲ್ಲಿ ಬರುವ ತಾಳೆ ಎಣ್ಣೆಗೆ ಯಾರೂ ಎಳ್ಳೆಣ್ಣೆಯ ಗೆಜ್ಜೆ ಕಟ್ಟಿಲ್ಲ. ಅದು ಬೆರೆತರೆ ಈ ಪರೀಕ್ಷೆ ಮೌನವಾಗಿರುತ್ತದೆ.

ಆಗ ಬೆಣ್ಣೆಯಲ್ಲಿ ಇಲ್ಲದ್ದನ್ನು ಹುಡುಕುವ ಬದಲು ಇರಲೇಬೇಕಾದುದನ್ನು ಅಳೆಯುತ್ತಾರೆ. ಹಾಲಿನ ಜಿಡ್ಡಿನಲ್ಲಿ ಬ್ಯುಟಿರಿಕ್ ಮುಂತಾದ, ಆವಿಯೊಡನೆ ಬಟ್ಟಿಯಿಳಿಯುವ ಆಮ್ಲಗಳಿವೆ; ತಾಳೆ ಎಣ್ಣೆಯಲ್ಲಿ ಅವು ಇಲ್ಲವೆನ್ನುವಷ್ಟು ಅಲ್ಪ. 5 ಗ್ರಾಂ ಜಿಡ್ಡಿನಿಂದ ದೊರೆತ ಈ ಆಮ್ಲಗಳನ್ನು ತಟಸ್ಥಗೊಳಿಸಲು ಬೇಕಾದ ಗೊತ್ತಾದ ಕ್ಷಾರದ್ರಾವಣದ ಮಿಲಿಲೀಟರುಗಳೇ ರೈಕರ್ಟ್–ಮೈಸ್ಲ್ ಅಂಕ. ತುಪ್ಪಕ್ಕೆ ಹಲವು ಪ್ರದೇಶಗಳಲ್ಲಿ ಇದು 28ಕ್ಕೆ ಕಡಿಮೆಯಿರಕೂಡದೆಂದಿತ್ತು. ಆದರೆ ಹತ್ತಿಕಾಳು ತಿಂದ ಹಸು ಎಮ್ಮೆಗಳ ಜಿಡ್ಡಿನಲ್ಲಿ ಅಂಕ ತಾನಾಗಿಯೇ ಇಳಿಯುತ್ತದೆ. ಅದಕ್ಕಾಗಿ ಕೆಲವು ಹತ್ತಿ ಸೀಮೆಗಳಿಗೆ 21ನ್ನೇ ಕನಿಷ್ಠವಾಗಿ ಒಪ್ಪಲಾಗಿತ್ತು. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯವರು ಈ ಮಾತನ್ನು ಗಮನಿಸಬೇಕು: ಅಂಕ ಇಳಿದಿದ್ದರೆ ತಪ್ಪು ಮಾರುವವಳದೇ ಆಗಬೇಕಿಲ್ಲ, ಎಮ್ಮೆಯ ಮೇವಿನದೂ ಆಗಿರಬಹುದು.

ಸಂಶಯ ನೀಗದಿದ್ದರೆ, 2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ಪ್ರಕರಣದಂತೆ ಗ್ರಾಹಕನೇ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು.