ಬಂಗು ಮತ್ತು ಬಿಸಿಲು

"ನಮ್ಮದು ಕಪ್ಪು ಮೈ, ನಮಗೇಕೆ ಬಿಸಿಲಿನ ಕ್ರೀಮು?" ಎಂದು ನೀವೂ ಕೇಳಿರಬಹುದು. ಆ ಮಾತಿನಲ್ಲಿ ಅರ್ಧ ನಿಜವಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಒಳಪದರಗಳನ್ನು ಕಾಯುತ್ತದೆ. ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ನಮ್ಮಲ್ಲಿ ಬಹಳ ಕಡಿಮೆ ಇರುವುದಕ್ಕೆ ಇದೂ ಕಾರಣ. ಆದರೆ ಇದೇ ಮೆಲನಿನ್ ಅತಿಯಾದರೆ ಕೆನ್ನೆ, ಹಣೆ, ಮೇಲ್ದುಟಿಗಳ ಮೇಲೆ ಕಂದು ಕಲೆ ಮೂಡುತ್ತದೆ. ಅದೇ ಬಂಗು. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇದು ಹೆಚ್ಚು. ಬಿಸಿಲು ಅದನ್ನು ಇನ್ನಷ್ಟು ಗಾಢ ಮಾಡುತ್ತದೆ.

ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ವಿಂಗಡಣೆಯಂತೆ ಈಗ ಚರ್ಮವನ್ನು 6 ವಿಧಗಳಾಗಿ ಗುರುತಿಸುತ್ತಾರೆ. ಬಿಸಿಲಿಗೆ ನಿಮ್ಮ ಚರ್ಮ ಕೆಂಪಾಗಿ ಉರಿಯುತ್ತದೆಯೋ, ಕಪ್ಪಾಗುತ್ತದೆಯೋ ಎಂಬುದೇ ಇಲ್ಲಿ ಅಳತೆ. ನಮ್ಮಲ್ಲಿ ಹೆಚ್ಚಿನವರು 4 ಅಥವಾ 5ನೇ ವಿಧದವರು. ಉರಿಯುವುದು ಅಪರೂಪ, ಕಪ್ಪಾಗುವುದು ಬೇಗ. ಎಣ್ಣೆ ಚರ್ಮ, ಒಣ ಚರ್ಮ ಎಂಬುದು ಬೇರೆಯೇ ಮಾತು. ಮೊದಲನೆಯದಕ್ಕೆ ಜೆಲ್, ಎರಡನೆಯದಕ್ಕೆ ಕ್ರೀಮು, ಅಷ್ಟೆ.

ಟ್ಯೂಬಿನ ಮೇಲಿನ ಎಸ್.ಪಿ.ಎಫ್. ಸಂಖ್ಯೆಗೆ ಮರುಳಾಗಬೇಡಿ. 30 ಇದ್ದರೆ ಚರ್ಮ ಸುಡುವ ಕಿರಣಗಳಲ್ಲಿ ಸುಮಾರು 97 ಭಾಗ ತಡೆಯುತ್ತದೆ, 50 ಇದ್ದರೆ 98. ಕಪ್ಪಾಗಿಸುವ 'ಎ' ಕಿರಣಗಳು ಬಸ್ಸಿನ ಕಿಟಕಿಯ ಗಾಜನ್ನೂ ದಾಟಿ ಬರುತ್ತವೆ. ಆದ್ದರಿಂದ ಆ ಕಿರಣಗಳನ್ನೂ ತಡೆಯುತ್ತದೆಯೇ ನೋಡಿ; ಪಿ.ಎ. ಎಂಬ ಅಕ್ಷರಗಳ ಮುಂದೆ 3 ಅಥವಾ 4 ಕೂಡು ಚಿಹ್ನೆಗಳಿರಲಿ. ಬಂಗು ಇರುವವರಿಗೆ ಇನ್ನೊಂದು ವಿಷಯ: ಕಣ್ಣಿಗೆ ಕಾಣುವ ಬೆಳಕು ಕೂಡ ಕಲೆಯನ್ನು ಹೆಚ್ಚಿಸಬಲ್ಲದು. ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಕ್ರೀಮೇ ಇವರಿಗೆ ಮೇಲು.

ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳುಗಳ ಉದ್ದದಷ್ಟು ಕ್ರೀಮು ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಇದು ದುಬಾರಿ ಎನಿಸಿದರೆ ಛತ್ರಿ, ಅಗಲ ಅಂಚಿನ ಟೋಪಿ, ತಲೆಯ ಮೇಲೆ ಸೆರಗು ಇವೆಯಲ್ಲ! ಛತ್ರಿ ಹಿಡಿಯಲು ನಮ್ಮ ಗಂಡಸರಿಗೇಕೋ ಸಂಕೋಚ. ಬಂಗು ಅವರಿಗೂ ಬರುತ್ತದೆ.

ಕ್ರೀಮು ಹಚ್ಚದಿದ್ದುದಕ್ಕಿಂತ ನನಗೆ ಹೆಚ್ಚು ಭಯವಾಗುವುದು ಅಕ್ಕಪಕ್ಕದವರು ಹೇಳಿದರೆಂದು ಔಷಧದಂಗಡಿಯಿಂದ ತಂದ 'ಬೆಳ್ಳಗಾಗುವ' ಟ್ಯೂಬು. ಅಂಥ ಹಲವುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ನರಗಳು ಕಾಣುತ್ತವೆ, ಮೊಡವೆ, ರೋಮ ಹುಟ್ಟುತ್ತವೆ, ಬಿಸಿಲಿಗೆ ಹೋದರೆ ಉರಿ. ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಗೇ ನಿಲ್ಲಿಸಿ ಮುಖ ಕೆಂಡವಾಗಿಸಿಕೊಳ್ಳಬೇಡಿ. ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಬೇಗ ಚರ್ಮವೈದ್ಯರ ಬಳಿ ಹೋಗಿ.