ಎರಡು ಹನಿ ಮತ್ತು ನೆರೆಯ ಮಗು

"ಪೋಲಿಯೊ ಹೋಗಿಯೇ ಬಿಟ್ಟಿತಲ್ಲ, ಮತ್ತೆ ಹನಿ ಏಕೆ?" ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ತಂದೆತಾಯಂದಿರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ನಿಧಾನವಾಗಿ ನೋಡೋಣ.

ಪೋಲಿಯೊ ವೈರಾಣು ಸೋಂಕಿತರ ಮಲದಿಂದ ನೀರು, ಆಹಾರ, ಕೈಗಳ ಮೂಲಕ ಇನ್ನೊಂದು ಮಗುವಿನ ಬಾಯಿ ಸೇರುತ್ತದೆ. ಸೋಂಕು ತಗುಲಿದ ಸುಮಾರು 200 ಮಕ್ಕಳಲ್ಲಿ ಒಬ್ಬರಿಗೆ ಕೈಕಾಲು ಸೋಲುತ್ತದೆ. ಉಳಿದ ಬಹುತೇಕರು ಆಡಿಕೊಂಡಿದ್ದೇ ರೋಗ ಹರಡುತ್ತಾರೆ. ಸೋತ ಕಾಲನ್ನು ಮರಳಿಸುವ ಮದ್ದಿಲ್ಲ. ತಡೆಯುವುದೊಂದೇ ದಾರಿ.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಆರಂಭವಾಯಿತು. ಆದರೂ 2003ರಲ್ಲಿ ಕರ್ನಾಟಕದಲ್ಲಿ ರೋಗ ಮತ್ತೆ ತಲೆಯೆತ್ತಿತು. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಆದರೆ ಪಾಕಿಸ್ತಾನ, ಅಫಘಾನಿಸ್ತಾನಗಳಲ್ಲಿ ವೈರಾಣು ಇನ್ನೂ ಉಳಿದಿದೆ. ಪ್ರಯಾಣಿಕನೊಡನೆ ಅದೂ ಪ್ರಯಾಣ ಮಾಡಬಲ್ಲದು.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಸೀಮೆಗೆ ಕಟಾವಿನ ಗ್ಯಾಂಗುಗಳು ಬರುತ್ತವೆ. ಹೊಲದ ಬದಿಯ ಗುಡಿಸಲಿನ ಕೂಸು ಯಾವ ಊರಿನ ಪಟ್ಟಿಗೂ ಸೇರದೆ ಉಳಿಯಬಹುದು.

ಕೆಲವರಿಗೆ ಭಯವೂ ಇದೆ. 2022ರ ಜನವರಿಯಲ್ಲಿ ನಮ್ಮ ಜಿಲ್ಲೆಯದೇ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದಿನ ನಂತರ ಮೂರು ಶಿಶುಗಳು ತೀರಿಹೋದವು. ಲಸಿಕೆಯನ್ನು ಕಾಪಿಟ್ಟ ಕ್ರಮದಲ್ಲಿನ ನಿರ್ಲಕ್ಷ್ಯದತ್ತ ಪ್ರಾಥಮಿಕ ತನಿಖೆ ಬೆರಳು ತೋರಿತು. ಆ ತಾಯಂದಿರ ದುಃಖವನ್ನು ಹಗುರ ಮಾಡಲಾಗದು. ಆದರೆ ಬಳಕೆಯ ತಪ್ಪು ವಸ್ತುವಿನ ಒಳಿತನ್ನು ಅಳಿಸದು. ಭಯ ಬಾಗಿಲು ಮುಚ್ಚುತ್ತದೆ. ವಿವೇಕ ಪ್ರಶ್ನೆ ಕೇಳುತ್ತದೆ.

ಕೇಳಬೇಕಾದ ಪ್ರಶ್ನೆ ಇದು: ಪೋಲಿಯೊ ಹನಿಯ ಬಾಟಲಿಯ ಮೇಲೆ ವೃತ್ತದೊಳಗೊಂದು ಚೌಕವಿರುತ್ತದೆ. ಶಾಖ ತಾಕಿದಂತೆ ಚೌಕ ಗಾಢವಾಗುತ್ತದೆ. ಅದು ವೃತ್ತಕ್ಕಿಂತ ತಿಳಿಯಾಗಿದ್ದರೆ ಹನಿ ಬಳಸಬಹುದು. ವೃತ್ತದ ಬಣ್ಣಕ್ಕೆ ಸಮನಾದರೆ ಅಥವಾ ಅದಕ್ಕಿಂತ ಗಾಢವಾದರೆ ಬಳಸಬಾರದು. "ತೋರಿಸಿ" ಎನ್ನುವುದು ಅವಿಶ್ವಾಸವಲ್ಲ, ತಾಯಿಯ ಕರ್ತವ್ಯ.

ಸಂತ ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯನ್ನು ಪ್ರಭುವಿನ ಬಳಿಗೆ ಹೊತ್ತು ತಂದವರು ನಾಲ್ವರು. ರೋಗಿ ತಾನಾಗಿ ಬರಲಾರದವನಾಗಿದ್ದ. ಹಸುಗೂಸೂ ಹಾಗೆಯೇ, ಯಾರಾದರೂ ಹೊತ್ತು ತರಬೇಕು. ನಮ್ಮ ಮಗುವಿಗೆ ಹನಿ ಹಾಕಿಸುವುದು ಪ್ರೀತಿ. ಗುಡಿಸಲಿನ ಮಗುವನ್ನೂ ಬೂತಿಗೆ ಕರೆತರುವುದು ಪರಪ್ರೀತಿ.

ಈ ವಾರ ಮನೆಯಲ್ಲಿ:

1. ತಾಯಿ ಕಾರ್ಡನ್ನು ತೆರೆದು ನೋಡಿರಿ. ಹುಟ್ಟಿದಾಗ, 6, 10, 14ನೇ ವಾರ, ಬಳಿಕ 16ರಿಂದ 24 ತಿಂಗಳೊಳಗೆ ಹನಿ. 6, 14ನೇ ವಾರ ಮತ್ತು 9ನೇ ತಿಂಗಳಿನಲ್ಲಿ ಪೋಲಿಯೊ ಚುಚ್ಚುಮದ್ದು. ಪಲ್ಸ್ ಪೋಲಿಯೊ ಹನಿ ಇವುಗಳಿಗೆ ಬದಲಿಯಲ್ಲ, ಹೆಚ್ಚಿನದು.
2. ನಮ್ಮ ಓಣಿಯಲ್ಲಿ, ಹೊಲದಲ್ಲಿ ಪಟ್ಟಿಗೆ ಸೇರದ ಮಗು ಯಾವುದು? ಆಶಾ ಕಾರ್ಯಕರ್ತೆಗೆ ತಿಳಿಸುವವರು ಯಾರು?