ಶ್ರವಣದ ನಂತರ ಮನನ

ಪ್ರವಚನ ಮುಗಿದು ಮಂಗಳಾರತಿಯಾದೊಡನೆ ನಾವು ತೀರ್ಥಪ್ರಸಾದ ಸ್ವೀಕರಿಸಿ ಮನೆಗೆ ಹೊರಡುತ್ತೇವೆ. ಶಾಸ್ತ್ರವಾದರೋ ಶ್ರವಣದ ನಂತರ ಮನನವನ್ನು ವಿಧಿಸಿದೆ. ಕೇಳಿದ ಅರ್ಥವನ್ನು ಯುಕ್ತಿಯಿಂದ ಪರಿಶೀಲಿಸಿ, ಸಂಶಯ ಕಳೆದು ದೃಢಪಡಿಸಿಕೊಳ್ಳುವುದೇ ಮನನ. ಪ್ರಶ್ನಿಸುವುದು ಭಕ್ತಿಗೆ ಕುಂದೆಂದು ಭಾವಿಸುವವರು ನಮ್ಮಲ್ಲಿ ಇಲ್ಲದಿಲ್ಲ. ಆದರೆ ನಮ್ಮ ಗುರುಪರಂಪರೆಯ ಮಾರ್ಗ ಅದಲ್ಲ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚನ್ನಪಟ್ಟಣದ ಸಮೀಪ, ಕಣ್ವ ನದೀತೀರದ ಅಬ್ಬೂರಿನಲ್ಲಿ ಶ್ರೀ ಬ್ರಹ್ಮಣ್ಯತೀರ್ಥರ ವೃಂದಾವನವಿದೆ. ರಾಮನಗರ, ಕನಕಪುರ, ಮಾಗಡಿಗಳ ನಮ್ಮ ಮನೆಗಳವರಿಗೆ ಇದು ಹತ್ತಿರದ ಕ್ಷೇತ್ರ. ಅವರಿಂದ ಆಶ್ರಮ ಪಡೆದ ಶ್ರೀ ವ್ಯಾಸರಾಜರು (1460–1539) ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಸನ್ನಿಧಿಯಲ್ಲಿ ಅಧ್ಯಯನ ಮಾಡಿ, 'ನ್ಯಾಯಾಮೃತ', 'ತರ್ಕತಾಂಡವ', 'ತಾತ್ಪರ್ಯಚಂದ್ರಿಕಾ' ಗ್ರಂಥಗಳನ್ನು ರಚಿಸಿದರು. ಎದುರು ಪಕ್ಷವನ್ನು ಪೂರ್ಣವಾಗಿ ಮುಂದಿಟ್ಟುಕೊಂಡೇ ಅದನ್ನು ವಿಮರ್ಶಿಸುವುದು ಅವರ ಕ್ರಮ. 'ನ್ಯಾಯಾಮೃತ'ಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯನ್ನೇ ಬರೆದರು. ಇಷ್ಟೆಲ್ಲ ತರ್ಕಿಸಿದ ಮಹನೀಯರೇ ಶ್ರೀಕೃಷ್ಣನನ್ನು ಕುರಿತು ಕೀರ್ತನೆಗಳನ್ನೂ ಹಾಡಿದರೆಂಬುದನ್ನು ನೆನೆದರೆ, ಯುಕ್ತಿಗೂ ಭಕ್ತಿಗೂ ವಿರೋಧವಿಲ್ಲವೆಂದು ಸ್ಪಷ್ಟವಾಗುತ್ತದೆ.

ಶ್ರೀಮದಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಅಂಗೀಕರಿಸಿದ್ದಾರೆ. 'ಪ್ರಮಾಣಲಕ್ಷಣ'ದಲ್ಲಿ ಮೂರಕ್ಕೂ ಲಕ್ಷಣ ಹೇಳುವಾಗ 'ನಿರ್ದೋಷ'ವೆಂಬ ಪದವನ್ನು ಬಿಟ್ಟಿಲ್ಲ. ಕಂಡದ್ದು, ಊಹಿಸಿದ್ದು, ಕೇಳಿದ್ದು, ಇವು ದೋಷರಹಿತವಾಗಿದ್ದರೆ ಮಾತ್ರ ಪ್ರಮಾಣ. ಆದ್ದರಿಂದ ಸಂಶಯ ಹುಟ್ಟಿದ ಕಡೆ ದೋಷವುಂಟೇ ಎಂದು ಪರೀಕ್ಷಿಸುವುದು ನಮ್ಮ ಕರ್ತವ್ಯ.

ನಿತ್ಯಜೀವನದಲ್ಲಿ ಇದರ ಉಪಯೋಗಕ್ಕೆ ಏಕಾದಶಿಯನ್ನೇ ನೋಡೋಣ. ಒಮ್ಮೊಮ್ಮೆ ನೆರೆಮನೆಯ ಸ್ಮಾರ್ತರು ಇಂದು ಉಪವಾಸವಿದ್ದರೆ ನಮಗೆ ಅದು ನಾಳೆ. ಯಾರದು ತಪ್ಪು? ಸೂರ್ಯೋದಯಕ್ಕೆ ಮುಂಚಿನ 4 ಘಳಿಗೆ, ಅಂದರೆ 96 ನಿಮಿಷ, ಅರುಣೋದಯ ಕಾಲ. ಆಗ ದಶಮಿಯ ಸ್ಪರ್ಶವಿದ್ದರೆ ಆ ದಿನವನ್ನು ಬಿಟ್ಟು ಮರುದಿನ ಉಪವಾಸ ಮಾಡುವುದು ನಮ್ಮ ಸಂಪ್ರದಾಯ. ಅವರು ಸೂರ್ಯೋದಯವನ್ನು ಗಣಿಸುತ್ತಾರೆ. ಕಾರಣ ತಿಳಿದವನು ತನ್ನ ಆಚರಣೆಯಲ್ಲಿ ದೃಢನಾಗಿರುತ್ತಾನೆ, ನೆರೆಯವರನ್ನು ಹಳಿಯುವುದೂ ಇಲ್ಲ.

ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದುದು. ಉಪವಾಸದ ದಿನ ಔಷಧಿಯನ್ನು ಮುಟ್ಟಿದರೂ ವ್ರತಭಂಗವೆಂದು, ಬರೆದವರಾರೆಂದೇ ತಿಳಿಯದ ಸಂದೇಶವೊಂದು ಮೊಬೈಲಿಗೆ ಬಂದಿತೆನ್ನೋಣ. ಸಕ್ಕರೆ ಕಾಯಿಲೆಯಿರುವ ಹಿರಿಯರೊಬ್ಬರು ಅದನ್ನು ನಂಬಿ ಮಾತ್ರೆ ಬಿಟ್ಟರೆ ಅಪಾಯ. ಆಹಾರವಿಲ್ಲದೆ ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡರೂ ಅಪಾಯ. ಹೇಳಿದವನು ಆಪ್ತನೇ? ಶಾಸ್ತ್ರದಲ್ಲಿ ಆಧಾರವುಂಟೇ? ಮಹಾಭಾರತದ ವಿದುರನೀತಿಯು ವ್ರತವನ್ನು ಕೆಡಿಸದ ಎಂಟನ್ನು ಎಣಿಸುವಾಗ ನೀರು, ಹಣ್ಣು, ಹಾಲುಗಳೊಡನೆ ಗುರುವಾಕ್ಯವನ್ನೂ ಔಷಧವನ್ನೂ ಸೇರಿಸಿದೆ. ಆದಕಾರಣ ವೈದ್ಯರನ್ನೂ ಗುರುಗಳನ್ನೂ ಕೇಳಿ ನಿರ್ಣಯಿಸುವುದೇ ಧರ್ಮ. ಪರೀಕ್ಷಿಸದೆ ಆ ಸಂದೇಶವನ್ನು ಹತ್ತು ಮನೆಗೆ ಕಳುಹಿಸುವುದು ಸೇವೆಯಲ್ಲ.

ಆದರೆ ವಿಮರ್ಶೆಯೆಂದರೆ ಎಲ್ಲವನ್ನೂ ಅಲ್ಲಗಳೆಯುವುದೆಂದು ತಿಳಿಯಬಾರದು. ಇಂದ್ರಿಯಗಳಿಗೆ ಎಟುಕದ ಧರ್ಮಾಧರ್ಮ, ಭಗವತ್ತತ್ತ್ವಗಳನ್ನು ಒಣತರ್ಕದಿಂದ ಅಳೆಯಲಾಗದು. ಅಲ್ಲಿ ಆಗಮವೇ ಶರಣು. ತತ್ತ್ವನಿರ್ಣಯಕ್ಕಾಗಿ ನಡೆಯುವ ಮಾತು ವಾದ, ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ಅತ್ತೆ ಸೊಸೆಯರ ನಡುವೆಯಾಗಲಿ, ತಂದೆ ಮಕ್ಕಳ ನಡುವೆಯಾಗಲಿ ನಮ್ಮ ಮನೆಗಳಲ್ಲಿ ನಡೆಯಬೇಕಾದುದು ವಾದವೇ ಹೊರತು ಜಲ್ಪವಲ್ಲ. ಎದುರಿನವರ ಮಾತನ್ನು ಪೂರ್ತಿ ಕೇಳುವುದೇ ಅದರ ಮೊದಲ ಮೆಟ್ಟಿಲು.

ಮಕ್ಕಳು 'ಏಕೆ?' ಎಂದು ಕೇಳಿದಾಗ ಗದರಿಸದೆ ಉತ್ತರಿಸೋಣ. ತಿಳಿಯದಿದ್ದರೆ ಮುಂದಿನ ಪ್ರವಚನದಲ್ಲಿ ಆಚಾರ್ಯರನ್ನು ವಿನಯದಿಂದ ಕೇಳೋಣ. ಅಬ್ಬೂರಿನ ವೃಂದಾವನಕ್ಕೆ ಪ್ರದಕ್ಷಿಣೆ ಮಾಡುವಾಗ, ಪರೀಕ್ಷಿಸಿ ನಂಬುವ, ನಂಬಿದ್ದನ್ನು ನಡೆಸುವ ಬುದ್ಧಿಯನ್ನು ಹರಿವಾಯುಗುರುಗಳಲ್ಲಿ ಬೇಡಿಕೊಳ್ಳೋಣ.

ಶ್ರೀಕೃಷ್ಣಾರ್ಪಣಮಸ್ತು